ರಸ್ತೆಯ ಕೆಳಗೊಂದು ದಾರಿ

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)

ಇವತ್ತು ಪಾಠದ ಪುಸ್ತಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋಣ. ನಮ್ಮ ಹೂವಿನ ಅಜ್ಜಿ ಮೂರು ವಾರದಿಂದ ಕೇಂದ್ರಕ್ಕೆ ಬಂದಿಲ್ಲ. ಯಾಕೆ ಅಂತ ನಿಮಗೆಲ್ಲ ಗೊತ್ತು. ಬುಟ್ಟಿ ಹೊತ್ತು ದೊಡ್ಡ ರಸ್ತೆ ದಾಟುವಾಗ ಮೋಟಾರ್ ಸೈಕಲ್ ತಾಗಿತು. ಬಲಗೈ ಮುರಿಯಿತು. ಈಗಷ್ಟೇ ಹೆಸರು ಬರೆಯಲು ಕಲಿತಿದ್ದ ಕೈ ಅದು.

ನಾವು ನೋಡಲು ಹೋಗಿದ್ದೆವು. "ಸಬ್‌ವೇ ಇತ್ತಲ್ಲ ಅಜ್ಜಿ, ಅದರಲ್ಲಿ ಯಾಕೆ ಬರಲಿಲ್ಲ?" ಅಂತ ನಮ್ಮಲ್ಲೊಬ್ಬರು ಕೇಳಿಬಿಟ್ಟರು. ಅಜ್ಜಿ ಸಿಟ್ಟಾಗಲಿಲ್ಲ. "ನೀವು ಅದರೊಳಗೆ ಒಂದ್ಸಲ ಇಳಿದಿದ್ದೀರಾ ಮೇಷ್ಟ್ರೇ?" ಅಂದರು.

ನಮ್ಮ ಬಾಯಿ ಕಟ್ಟಿತು. ನಾವೂ ಮೇಲೆಯೇ ದಾಟುವವರು.

ಮರುದಿನ ನಾವು ಇಳಿದೆವು. ಮೆಟ್ಟಿಲು ಎಣಿಸಿದೆವು. ಇಳಿಯಲು ಮೂವತ್ತು, ಹತ್ತಲು ಮೂವತ್ತು. ಎಂಟು ದೀಪಗಳಲ್ಲಿ ಎರಡು ಮಾತ್ರ ಉರಿಯುತ್ತಿದ್ದವು. ನಡುವೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೂಗು ಮುಚ್ಚಿಕೊಂಡು ನಡೆದೆವು. ನಮ್ಮ ಜೊತೆ ಬಂದ ಅಕ್ಕ ಹೇಳಿದರು: "ಸಂಜೆ ಏಳರ ಮೇಲೆ ನಾನೊಬ್ಬಳೇ ಇಲ್ಲಿ ಬರೋಲ್ಲ. ಗಾಡಿಗಿಂತ ಇಲ್ಲೇ ಹೆಚ್ಚು ಭಯ."

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಜ್ಜಿ ತಪ್ಪು ಮಾಡಲಿಲ್ಲ. ಅವರ ಮುಂದೆ ಎರಡು ಕೆಟ್ಟ ದಾರಿ ಇದ್ದವು. ಅದರಲ್ಲಿ ಒಂದನ್ನು ಆರಿಸಿಕೊಂಡರು.

ಈಗ ಅದೇ ರಸ್ತೆಯಲ್ಲಿ, ಶಾಲೆಯ ಹತ್ತಿರ, ಇನ್ನೊಂದು ಸಬ್‌ವೇ ಮಾಡುವ ಮಾತು ನಡೆದಿದೆ. ಅಳತೆ ಮಾಡುವವರು ಬಂದು ಬಿಳಿ ಬಣ್ಣದಲ್ಲಿ ಗೆರೆ ಎಳೆದು ಹೋಗಿದ್ದಾರೆ. ಅದು ಹೇಗೆ ಆಗುತ್ತದೆ? ಹೇಗೆ ಆಗಬೇಕು? ಅಗೆಯುವ ಮೊದಲೇ ನಾವು ತಿಳಿದುಕೊಳ್ಳಬೇಕು. ಅಗೆದ ಮೇಲೆ ಕೇಳಿದರೆ ಏನು ಬಂತು?

ನಡೆಯುವವರ ಲೆಕ್ಕ

ಮೊದಲು ಒಂದು ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಪ್ರತಿ ವರ್ಷ ಅಪಘಾತಗಳ ಲೆಕ್ಕ ಕೊಡುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಅಂದರೆ ಐದು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು. ದಿನಕ್ಕೆ ಸುಮಾರು 90 ಜನ.

ಇವರು ಗಾಡಿ ಓಡಿಸಿದವರಲ್ಲ, ವೇಗವಾಗಿ ಹೋದವರಲ್ಲ. ಸುಮ್ಮನೆ ನಡೆದವರು. ಕೂಲಿಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು, ಔಷಧಿ ತರಲು ಹೋದ ಮುದುಕರು. ಅದಕ್ಕೇ ನಡೆಯುವವರಿಗೆ ಬೇರೆ ದಾರಿ ಬೇಕು ಅನ್ನುವ ಯೋಚನೆ ಹುಟ್ಟಿತು. ಮೇಲೆ ಕಟ್ಟಿದರೆ ಪಾದಚಾರಿ ಮೇಲುಸೇತುವೆ. ಕೆಳಗೆ ಅಗೆದರೆ ಪಾದಚಾರಿ ಸುರಂಗ ಮಾರ್ಗ. ನಾವು ಸಬ್‌ವೇ ಅನ್ನೋದು ಇದನ್ನೇ.

ಎಲ್ಲ ಕಡೆ ಸುರಂಗವೇ ಬೇಕು ಅಂತೇನಿಲ್ಲ. ರಸ್ತೆ ಕಿರಿದಾಗಿದ್ದರೆ ಪಟ್ಟೆ ಬಳಿದ ದಾಟುದಾರಿ ಮತ್ತು ಕೆಂಪು ದೀಪ ಸಾಕು. ಪಟ್ಟೆಯ ಮೇಲೆ ಜನ ದಾಟುವಾಗ ಗಾಡಿಯವರು ನಿಲ್ಲಿಸಬೇಕು ಅಂತ ಕಾನೂನೇ ಇದೆ. ರಸ್ತೆ ತುಂಬ ಅಗಲ, ಗಾಡಿಗಳಿಗೆ ಬಿಡುವಿಲ್ಲ, ನಿಲ್ಲಿಸುವ ಹಾಗೇ ಇಲ್ಲ ಅನ್ನುವ ಕಡೆ ಸುರಂಗ ಬೇಕಾಗುತ್ತದೆ. ಆದ್ದರಿಂದ "ಇಲ್ಲಿ ಸಬ್‌ವೇ ಬೇಕೋ, ಕೆಂಪು ದೀಪ ಸಾಕೋ?" ಅನ್ನೋದೇ ನಾವು ಕೇಳಬೇಕಾದ ಮೊದಲ ಪ್ರಶ್ನೆ.

ಹೇಗೆ ಅಗೆಯುತ್ತಾರೆ?

ನಮ್ಮಲ್ಲಿ ಕಟ್ಟಡದ ಕೆಲಸ ಮಾಡುವವರು ಬಹಳ ಜನ ಇದ್ದೀರಿ. ನಿಮಗೆ ಇದು ಬೇಗ ತಿಳಿಯುತ್ತದೆ.

ಸುರಂಗ ಅಂದ ಕೂಡಲೇ ಇಲಿ ಬಿಲ ತೋಡಿದ ಹಾಗೆ ಅಂದುಕೊಳ್ಳುತ್ತೇವೆ. ಬೆಂಗಳೂರಿನ ಮೆಟ್ರೊ ರೈಲಿಗೆ ಹಾಗೆಯೇ ದೊಡ್ಡ ಯಂತ್ರ ಇಳಿಸಿ ನೆಲ ಕೊರೆದರು. ನಡೆಯುವ ಜನರ ಸಣ್ಣ ದಾರಿಗೆ ಸಾಮಾನ್ಯವಾಗಿ ಅಷ್ಟು ದೊಡ್ಡ ಯಂತ್ರ ಬೇಡ. ರಸ್ತೆಯನ್ನು ಮೇಲಿನಿಂದ ಅಗೆಯುತ್ತಾರೆ. ಕಾಂಕ್ರೀಟಿನ ಪೆಟ್ಟಿಗೆ ಕಟ್ಟುತ್ತಾರೆ. ಮತ್ತೆ ಮಣ್ಣು ಮುಚ್ಚಿ ಡಾಂಬರು ಹಾಕುತ್ತಾರೆ. ತೋಡಿ ಮುಚ್ಚುವ ಕೆಲಸ ಇದು.

ಕೆಲಸ ಒಂದೊಂದಾಗಿ ಹೀಗೆ ಸಾಗುತ್ತದೆ.

ಮೊದಲು ಅಲ್ಲಲ್ಲಿ ಸಣ್ಣ ಗುಂಡಿ ತೆಗೆದು ನೋಡುತ್ತಾರೆ. ಯಾಕೆ? ಪಟ್ಟಣದ ರಸ್ತೆ ಕೆಳಗೆ ಬರೀ ಮಣ್ಣು ಇರೋದಿಲ್ಲ. ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಕರೆಂಟಿನ ತಂತಿ, ಫೋನಿನ ತಂತಿ ಎಲ್ಲ ಅಲ್ಲೇ ಇರುತ್ತವೆ. ನೋಡದೆ ಅಗೆದರೆ ಮನೆಗಳಿಗೆ ನೀರು ನಿಲ್ಲುತ್ತದೆ. ಕರೆಂಟಿನ ತಂತಿಗೆ ಹಾರೆ ತಾಗಿದರೆ ಅಗೆಯುವವರ ಜೀವವೇ ಹೋಗುತ್ತದೆ. ಕೊಳವೆ, ತಂತಿಗಳನ್ನು ಪಕ್ಕಕ್ಕೆ ಸರಿಸುವ ಕೆಲಸಕ್ಕೇ ಎಷ್ಟೋ ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. "ಇಷ್ಟು ದಿನ ಏನು ಮಾಡ್ತಿದ್ದಾರೆ?" ಅಂತ ನಾವು ಬೈಯುತ್ತೇವಲ್ಲ, ಕೆಲವು ಸಲ ಕಾರಣ ಇದು.

ಆಮೇಲೆ ರಸ್ತೆಯ ಅರ್ಧ ಭಾಗವನ್ನು ಮಾತ್ರ ಮುಚ್ಚುತ್ತಾರೆ. ಇನ್ನರ್ಧದಲ್ಲಿ ಗಾಡಿ ಓಡುತ್ತವೆ. ಈ ಅರ್ಧ ಮುಗಿದ ಮೇಲೆ ಆ ಅರ್ಧ.

ಅಗೆಯುವಾಗ ಮಣ್ಣಿನ ಗೋಡೆ ಕುಸಿಯದಂತೆ ಎರಡೂ ಕಡೆ ಉಕ್ಕಿನ ಹಲಗೆ ನಿಲ್ಲಿಸಿ, ನಡುವೆ ಅಡ್ಡ ತೊಲೆ ಕೊಟ್ಟು ಬಿಗಿ ಮಾಡಬೇಕು. ಇದು ಬಹಳ ಮುಖ್ಯ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮಣ್ಣು ಎಷ್ಟು ತೂಗುತ್ತದೆ ಗೊತ್ತೇ? ಒಂದೂವರೆ ಟನ್ನಿಗೂ ಹೆಚ್ಚು. ಸಿಮೆಂಟ್ ಮೂಟೆ ಲೆಕ್ಕದಲ್ಲಿ ಮೂವತ್ತು ಮೂಟೆ. ಅಷ್ಟು ಭಾರ ಎದೆಯ ಮೇಲೆ ಬಿದ್ದರೆ ಉಸಿರಾಡಲು ಆಗೋದಿಲ್ಲ. ಆಳವಾದ ಗುಂಡಿಗೆ ಆಸರೆ ಕೊಡದೆ "ಇಳಿ" ಅಂದರೆ ಇಳಿಯಬೇಡಿ. ಹಾಗೆ ಹೇಳುವ ಹಕ್ಕು ನಿಮಗಿದೆ. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಬಾರದು. ಆ ಭಾರಕ್ಕೂ ಗೋಡೆ ಕುಸಿಯುತ್ತದೆ.

ನಂತರ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕುತ್ತಾರೆ. ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ಚಾವಣಿ. ಕಾಂಕ್ರೀಟಿಗೆ ನೀರು ಕುಡಿಸಬೇಕು. ಅದು ಲೆಕ್ಕದಂತೆ ಗಟ್ಟಿಯಾಗಲು 28 ದಿನ ಬೇಕು ಅಂತ ಇಂಜಿನಿಯರರು ಎಣಿಸುತ್ತಾರೆ. ಹೊರಗಿನಿಂದ ನೀರು ಇಳಿಯದಂತೆ ಲೇಪನ ಹಚ್ಚುತ್ತಾರೆ. ಆ ಮೇಲೆಯೇ ಮಣ್ಣು ತುಂಬಿ, ದಮ್ಮಸ್ಸು ಮಾಡಿ, ರಸ್ತೆ ಹಾಕಬೇಕು.

ಕೆಲವು ಕಡೆ ಕಾಂಕ್ರೀಟ್ ಪೆಟ್ಟಿಗೆಗಳನ್ನು ಬೇರೆ ಜಾಗದಲ್ಲಿ ಮೊದಲೇ ಎರಕ ಹೊಯ್ದು, ತಂದು ಜೋಡಿಸುತ್ತಾರೆ. ಬೆಂಗಳೂರಿನ ಕಾವೇರಿ ಚಿತ್ರಮಂದಿರದ ಬಳಿ ವಾಹನಗಳ ಕೆಳದಾರಿಯನ್ನು ಹೀಗೆ ಮಾಡಿದರು. ಅದಕ್ಕೆ 'ಮ್ಯಾಜಿಕ್ ಬಾಕ್ಸ್' ಅಂತಲೇ ಹೆಸರು ಬಂತು. ರೈಲು ಹಳಿ ಕೆಳಗಾದರೆ ಮೇಲಿನಿಂದ ಅಗೆಯುವ ಹಾಗಿಲ್ಲ. ಅಲ್ಲಿ ಕಾಂಕ್ರೀಟ್ ಪೆಟ್ಟಿಗೆಯನ್ನು ಪಕ್ಕದಲ್ಲಿ ತಯಾರಿಸಿ, ಭಾರಿ ಜಾಕಿಗಳಿಂದ ಮಣ್ಣಿನೊಳಕ್ಕೆ ತಳ್ಳುತ್ತಾರೆ. ಪೆಟ್ಟಿಗೆಯ ಬಾಯಲ್ಲಿ ನಿಂತು ಕೆಲಸಗಾರರು ಮಣ್ಣು ತೆಗೆಯುತ್ತಾ ಹೋಗುತ್ತಾರೆ. ಮೇಲೆ ರೈಲು ನಿಧಾನವಾಗಿ ಓಡುತ್ತಲೇ ಇರುತ್ತದೆ.

ಹಳೆಯದೊಂದು ಕಥೆ

ಜನ ನಡೆಯಲೆಂದು ನೆಲದಡಿ ದಾರಿ ಮಾಡಿದ ಒಂದು ಹಳೆಯ ಕಥೆ ಇದೆ. ಅದು ರಸ್ತೆಯ ಕೆಳಗಲ್ಲ, ನದಿಯ ಕೆಳಗೆ. ದೂರದ ಇಂಗ್ಲೆಂಡಿನ ಲಂಡನ್ ಪಟ್ಟಣದಲ್ಲಿ. ನಿಜವಾಗಿ ನಡೆದ ಕಥೆ. ನಮಗೂ ಅದರಿಂದ ಪಾಠ ಇದೆ.

ಲಂಡನ್ನಿನಲ್ಲಿ ಥೇಮ್ಸ್ ಅನ್ನುವ ನದಿ. ನದಿ ತುಂಬ ಹಡಗು. ಅಡ್ಡ ಸೇತುವೆ ಕಟ್ಟಿದರೆ ಹಡಗುಗಳಿಗೆ ತೊಂದರೆ. ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್ 1825ರಲ್ಲಿ ನದಿಯ ತಳದ ಕೆಳಗೆ ಸುರಂಗ ತೋಡಲು ಹೊರಟರು. ಕಬ್ಬಿಣದ ದೊಡ್ಡ ಚೌಕಟ್ಟು ಮಾಡಿಸಿದರು. ಅದರಲ್ಲಿ 36 ಗೂಡು. ಗೂಡಿಗೊಬ್ಬ ಕೆಲಸಗಾರ. ಮುಂದಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆಯೋದು, ಚೌಕಟ್ಟನ್ನು ಮುಂದಕ್ಕೆ ತಳ್ಳೋದು, ಹಿಂದಿನಿಂದ ಇಟ್ಟಿಗೆ ಕಟ್ಟೋದು. ಸುರಂಗ ತೋಡುವ ಇಂದಿನ ದೊಡ್ಡ ಯಂತ್ರಗಳಿಗೆ ಆ ಚೌಕಟ್ಟೇ ಮುತ್ತಜ್ಜ.

ನದಿಯ ನೀರು ಮತ್ತೆ ಮತ್ತೆ ಒಳನುಗ್ಗಿತು. 1828ರಲ್ಲಿ ನೀರು ನುಗ್ಗಿ ಆರು ಜನ ಕೆಲಸಗಾರರು ಸತ್ತರು. ಹಣ ಮುಗಿಯಿತು. ಏಳು ವರ್ಷ ಕೆಲಸ ನಿಂತೇ ಹೋಯಿತು. ಕೊನೆಗೆ 1843ರಲ್ಲಿ ದಾರಿ ತೆರೆಯಿತು. ಮೊದಲ ದಿನವೇ ಸುಮಾರು 50,000 ಜನ ನಡೆದು ನೋಡಿದರು ಅಂತ ಹೇಳುತ್ತಾರೆ.

ಆದರೆ ಕೇಳಿ. ಕುದುರೆ ಗಾಡಿಗಳೂ ಇಳಿಯಲಿ ಅಂತ ಮೊದಲು ಇಳಿಜಾರು ದಾರಿಯ ಯೋಚನೆ ಇತ್ತು. ಹಣ ಸಾಲದೆ ಇಳಿಜಾರು ಕಟ್ಟಲೇ ಇಲ್ಲ. ಮೆಟ್ಟಿಲು ಮಾತ್ರ ಉಳಿಯಿತು. ಸಾಮಾನು ಹೊತ್ತವರಿಗೆ, ಗಾಡಿಯವರಿಗೆ ಪ್ರಯೋಜನ ಆಗಲಿಲ್ಲ. ಮೊದಲು ನೋಡಲು ಬಂದ ಜನ ಕಡಿಮೆಯಾದರು. ಕಳ್ಳಕಾಕರ ಜಾಗ ಅನ್ನುವ ಹೆಸರು ಬಂತು. ಕೊನೆಗೆ ಅದನ್ನು ರೈಲಿನವರು ಕೊಂಡರು. 1869ರಿಂದ ಅದರಲ್ಲಿ ರೈಲು ಓಡಿತು. ಈಗಲೂ ಓಡುತ್ತಿದೆ. ನಡೆಯುವವರಿಗಾಗಿ ಮಾಡಿದ ದಾರಿ ನಡೆಯುವವರಿಗೆ ಉಳಿಯಲಿಲ್ಲ.

ನೋಡಿದಿರಾ? ತೋಡುವ ಕೆಲಸದಲ್ಲಿ ಅವರು ಗೆದ್ದರು. ಗಟ್ಟಿತನದಲ್ಲಿ ಗೆದ್ದರು. ಇಳಿಯುವುದು ಹೇಗೆ, ನೋಡಿಕೊಳ್ಳುವುದು ಯಾರು ಅನ್ನುವ ಕಡೆ ಸೋತರು. ನಮ್ಮ ಹಳೆಯ ಸಬ್‌ವೇ ಕಥೆಯೂ ಇದೇ ಅಲ್ಲವೇ?

ಅಜ್ಜಿಯ ಕಾಲಿನ ಲೆಕ್ಕ

ಬನ್ನಿ, ಒಂದು ಲೆಕ್ಕ ಮಾಡೋಣ. ಬಳಪ ತೆಗೆದುಕೊಳ್ಳಿ.

ಒಳಗೆ ತಲೆ ತಾಗದಂತೆ ಎತ್ತರ ಎರಡೂವರೆ ಮೀಟರ್. ಚಾವಣಿ ಮತ್ತು ಅದರ ಮೇಲಿನ ಮಣ್ಣು, ರಸ್ತೆ ಸೇರಿ ಒಂದೂವರೆ ಮೀಟರ್ ಅಂತ ಇಟ್ಟುಕೊಳ್ಳೋಣ. ಒಟ್ಟು ನಾಲ್ಕು ಮೀಟರ್. ಅಂದರೆ 400 ಸೆಂಟಿಮೀಟರ್. ಒಂದು ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್. ಎಷ್ಟು ಮೆಟ್ಟಿಲು? ಸುಮಾರು 27. ಇಳಿಯಲು 27, ಹತ್ತಲು 27. ಹೋಗಿ ಬರಲು 108.

ಬುಟ್ಟಿ ಹೊತ್ತ ಅಜ್ಜಿ ದಿನಕ್ಕೆ ಎರಡು ಸಲ ಮಾರುಕಟ್ಟೆಗೆ ಹೋಗಿ ಬಂದರೆ 216 ಮೆಟ್ಟಿಲು. ಕಾರಿನಲ್ಲಿ ಕೂತವರು ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ!

ಗಾಲಿ ಕುರ್ಚಿಯವರಿಗೆ, ಕೈಗೂಸಿನ ತಾಯಿಗೆ, ಮಂಡಿ ನೋವಿನವರಿಗೆ ಇಳಿಜಾರು ಬೇಕು. ಅದು ಕಡಿದಾಗಿ ಇರಬಾರದು. ಒಂದು ಮೀಟರ್ ಇಳಿಯಲು ಹನ್ನೆರಡು ಮೀಟರ್ ಉದ್ದ ಬೇಕು ಅನ್ನೋದು ಅಳತೆ. ನಾಲ್ಕು ಮೀಟರ್ ಇಳಿಯಲು 48 ಮೀಟರ್. ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗವೂ ಬೇಕು. ಇಷ್ಟು ಜಾಗವನ್ನು ಮೊದಲೇ ನಕ್ಷೆಯಲ್ಲಿ ಬಿಡಬೇಕು. ಕಟ್ಟಿ ಮುಗಿದ ಮೇಲೆ "ಜಾಗ ಇಲ್ಲ" ಅನ್ನುತ್ತಾರೆ. ಜಾಗ ಇಲ್ಲದಿದ್ದರೆ ಲಿಫ್ಟ್ ಬೇಕು. ಲಿಫ್ಟ್ ಇಟ್ಟರೆ ಅದು ಕೆಟ್ಟಾಗ ರಿಪೇರಿ ಮಾಡುವವರೂ ಬೇಕು. ಅಂಗವಿಕಲರಿಗೆ ಸಾರ್ವಜನಿಕ ಜಾಗಗಳಲ್ಲಿ ಓಡಾಡಲು ಅನುಕೂಲ ಮಾಡಿಕೊಡಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಅದು ದಯೆ ತೋರಿಸುವ ಮಾತಲ್ಲ, ಅವರ ಹಕ್ಕು.

ನೀರು ತನ್ನ ದಾರಿ ಮರೆಯೋದಿಲ್ಲ

ನೀರು ತಗ್ಗಿಗೆ ಹರಿಯುತ್ತದೆ. ಇದು ಹೊಲ ಮಾಡಿದವರಿಗೆಲ್ಲ ಗೊತ್ತು. ಸುರಂಗ ದಾರಿ ಅಂದರೆ ನಾವೇ ಮಾಡಿದ ತಗ್ಗು.

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನೋಡಿದ್ದೀರಿ. ಎದುರಿಗೇ ರೈಲು ನಿಲ್ದಾಣ. ನಡುವಿನ ರಸ್ತೆ ದಾಟಲು ಸಬ್‌ವೇ ಇದೆ. ಊರಿಂದ ಗಂಟುಮೂಟೆ ಹೊತ್ತು ರೈಲಿಳಿದು ಎಷ್ಟು ಜನ ಅದರಲ್ಲಿ ನಡೆದಿಲ್ಲ! ಆ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಹೋಯಿತು, ನಿಲ್ದಾಣ ಬಂತು. ಆದರೆ ತಗ್ಗು ತಗ್ಗೇ. ನಮ್ಮ ಪಟ್ಟಣಗಳಲ್ಲಿ ಇಂಥ ಕೆರೆಯಂಗಳಗಳು, ರಾಜಕಾಲುವೆಗಳು ಬಹಳ. ಎಲ್ಲಿ ಅಗೆಯುತ್ತೇವೆ ಅಂತ ಮೊದಲು ನೋಡಬೇಕು.

2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದಲ್ಲಿ ಏನಾಯಿತು? ಅದು ವಾಹನಗಳ ಕೆಳದಾರಿ. ಜೋರು ಮಳೆ ಬಂತು. ನೀರು ತುಂಬಿತು. ಅದರಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ಸತ್ತರು. ಮಳೆಯಲ್ಲಿ ತಗ್ಗಿನ ದಾರಿ ಎಷ್ಟು ಬೇಗ ಬಾವಿಯಾಗುತ್ತದೆ ಅಂತ ಎಲ್ಲರಿಗೂ ತಿಳಿಯಿತು.

ಆದ್ದರಿಂದ ಸಬ್‌ವೇ ಬಾಯಿ ರಸ್ತೆಗಿಂತ ಸ್ವಲ್ಪ ಎತ್ತರ ಇರಬೇಕು. ರಸ್ತೆಯ ನೀರು ಒಳಗೆ ಹರಿಯಬಾರದು. ಮೆಟ್ಟಿಲ ಮೇಲೆ ಮಾಡು ಇರಬೇಕು. ಎಲ್ಲಕ್ಕಿಂತ ತಗ್ಗಿನಲ್ಲಿ ನೀರು ಕೂಡಲು ಗುಂಡಿ, ಅದರಲ್ಲಿ ಪಂಪು ಇರಬೇಕು. ಕರೆಂಟು ಹೋದರೂ ಪಂಪು ನಡೆಯಬೇಕು. ಯಾಕೆಂದರೆ ಜೋರು ಮಳೆಯಲ್ಲೇ ಅಲ್ಲವೇ ಕರೆಂಟು ಹೋಗೋದು?

ನಮಗೂ ಒಂದು ಮಾತು. ನೀರು ತುಂಬಿದ ಸುರಂಗದಲ್ಲಿ "ಏನಾಗಲ್ಲ ಬಿಡಿ" ಅಂತ ಇಳಿಯಬೇಡಿ. ನೀರೊಳಗೆ ತಂತಿ ಇರಬಹುದು.

ಬೆಳಕು, ಕಸ, ಕಾವಲು

ಸುರಂಗ ಕಟ್ಟೋದು ಒಂದು ಸಲ. ನೋಡಿಕೊಳ್ಳೋದು ದಿನಾ.

ದೀಪ ದಿನಾ ಉರಿಯಬೇಕು. ಹಗಲಲ್ಲೂ ಉರಿಯಬೇಕು, ಒಳಗೆ ಯಾವಾಗಲೂ ಕತ್ತಲೆ. ದಿನಾ ಗುಡಿಸಬೇಕು. ಗುಡಿಸುವವರಿಗೆ ಕೈಗವಸು, ಬೂಟು ಕೊಡಬೇಕು. ಈ ಬದಿಯಿಂದ ಆ ಬದಿ ಕಾಣುವ ಹಾಗೆ ದಾರಿ ನೇರ ಇರಬೇಕು. ಮೂಲೆ ತಿರುವು ಇದ್ದಲ್ಲಿ ಹೆಣ್ಣುಮಕ್ಕಳಿಗೆ ಭಯ. ಬಾಗಿಲು ಹಾಕುವ, ತೆಗೆಯುವ ಹೊತ್ತು ಬರೆದಿರಬೇಕು. ಕಾವಲಿನವರು ಬೇಕು.

ಇನ್ನೊಂದು ವಿಷಯ. ಒಳಗೆ ವ್ಯಾಪಾರ ಮಾಡುವವರನ್ನು ಎಲ್ಲರೂ ಬೈಯುತ್ತಾರೆ. ದಾರಿಗೆ ಅಡ್ಡ ಕೂತರೆ ತೊಂದರೆ ನಿಜ. ಆದರೆ ನಾಲ್ಕು ಜನ ವ್ಯಾಪಾರಿಗಳು ಇದ್ದರೆ ಅಲ್ಲಿ ಬೆಳಕಿರುತ್ತದೆ, ಕಣ್ಣಿರುತ್ತದೆ. ಒಬ್ಬಂಟಿ ಹೆಣ್ಣುಮಗಳಿಗೆ ಅದೇ ಧೈರ್ಯ. ದಾರಿ ಅಗಲ ಮಾಡಿ ಒಂದು ಪಕ್ಕ ಅವರಿಗೂ ಜಾಗ ಬಿಟ್ಟರೆ ಇಬ್ಬರಿಗೂ ಒಳ್ಳೆಯದು. ಇದು ನಮ್ಮ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಹೇಳಿ.

ನಮ್ಮ ಪಾಲಿನ ಕೆಲಸವೂ ಇದೆ. ಎಲೆ ಅಡಿಕೆ ಉಗಿಯೋದು, ಗೋಡೆ ಪಕ್ಕ ನಿಲ್ಲೋದು, ದೀಪ ಒಡೆಯೋದು ಪಾಲಿಕೆಯವರಲ್ಲ. ನಾವೇ, ನಮ್ಮ ಮಕ್ಕಳೇ.

ಈಗ ಅಕ್ಷರ ಬಂದಿದೆ

"ನಾವು ಹೇಳಿದರೆ ಯಾರು ಕೇಳ್ತಾರೆ?" ಅಂತ ಮೊದಲು ಅನ್ನುತ್ತಿದ್ದಿರಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬರೆದದ್ದು ಉಳಿಯುತ್ತದೆ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಸರ್ಕಾರಿ ಕಚೇರಿಯ ಕಾಗದವನ್ನು ಯಾರು ಬೇಕಾದರೂ ಕೇಳಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಅಷ್ಟು ಬರೆಯಲು ನಮಗೆ ಬರುತ್ತದೆ. ನೋಡಿ:

ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ,
ನಗರ ಪಾಲಿಕೆ ಕಚೇರಿ.

ಮಾನ್ಯರೇ,
ನಮ್ಮ ವಾರ್ಡಿನ ಶಾಲೆಯ ಬಳಿ ಮಾಡಲಿರುವ ಪಾದಚಾರಿ ಸುರಂಗ ಮಾರ್ಗದ ಬಗ್ಗೆ ಈ ಮಾಹಿತಿ ಕೊಡಿ.
1. ಸುರಂಗ ಮಾರ್ಗದ ನಕ್ಷೆಯ ಪ್ರತಿ.
2. ಇಳಿಜಾರು ಅಥವಾ ಲಿಫ್ಟ್‌ನ ವಿವರ.
3. ಮಳೆ ನೀರು ಹೊರಹಾಕುವ ವ್ಯವಸ್ಥೆಯ ವಿವರ.
4. ದೀಪ, ಸ್ವಚ್ಛತೆ, ಕಾವಲಿಗೆ ವರ್ಷಕ್ಕೆ ಇಟ್ಟಿರುವ ಹಣದ ವಿವರ.
ಶುಲ್ಕ 10 ರೂಪಾಯಿ ಜೊತೆಗಿದೆ.
ಹೆಸರು, ವಿಳಾಸ, ಸಹಿ, ದಿನಾಂಕ.

ಇದನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಅಕ್ಷರ ಸೊಟ್ಟಗಾದರೂ ಚಿಂತೆ ಇಲ್ಲ. ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಕೊಟ್ಟದ್ದಕ್ಕೆ ರಸೀದಿ ಕೇಳಿ.

ಹಳೆಯ ಸಬ್‌ವೇ ಬಗ್ಗೆ ದೂರಿನ ಅರ್ಜಿಯನ್ನು ಬೇರೆ ಬರೆಯೋಣ. ಅದರಲ್ಲಿ ಬರೀ "ಚೆನ್ನಾಗಿಲ್ಲ" ಅಂತ ಬರೆದರೆ ಸಾಲದು. "ಎಂಟು ದೀಪಗಳಲ್ಲಿ ಆರು ಉರಿಯುತ್ತಿಲ್ಲ" ಅಂತ ಬರೆಯೋಣ. ಎಣಿಸಿ ಬರೆದ ಮಾತಿಗೆ ತೂಕ ಹೆಚ್ಚು.

ಬಂಧುಗಳೇ, ಮೊನ್ನೆ ನಾವು ಮತ್ತೆ ಅಜ್ಜಿಯ ಮನೆಗೆ ಹೋಗಿದ್ದೆವು. ಅರ್ಜಿ ಓದಿ ಹೇಳಿದೆವು. ಕೈಗೆ ಇನ್ನೂ ಪಟ್ಟಿ ಇದೆ. "ಹೆಬ್ಬೆಟ್ಟು ಒತ್ತುತ್ತೀರಾ ಅಜ್ಜಿ?" ಅಂದೆವು. "ಬೇಡ. ಪಟ್ಟಿ ಬಿಚ್ಚೋವರೆಗೆ ಕಾಯ್ರಿ. ಸಹಿ ಮಾಡ್ತೀನಿ" ಅಂದರು.

ನಾವು ಕಾಯುತ್ತೇವೆ. ಅಷ್ಟರಲ್ಲಿ ನಿಮ್ಮ ಸಹಿಗಳು ಆಗಲಿ. ಬರುವ ಸೋಮವಾರ ಎಲ್ಲರೂ ಸೇರಿ ಪಾಲಿಕೆ ಕಚೇರಿಗೆ ನಡೆದು ಹೋಗೋಣ. ರಸ್ತೆ ದಾಟುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳೋಣ.

ಓದಿದ ಮೇಲೆ ಮಾತಾಡೋಣ

1. ಅಜ್ಜಿ ಸಬ್‌ವೇಯಲ್ಲಿ ಯಾಕೆ ಹೋಗಲಿಲ್ಲ?
2. ನಿಮ್ಮ ಊರಲ್ಲಿ ರಸ್ತೆ ದಾಟಲು ಕಷ್ಟವಾದ ಜಾಗ ಯಾವುದು? ಅಲ್ಲಿ ಏನು ಬೇಕು: ಪಟ್ಟೆ ದಾರಿಯೋ, ಕೆಂಪು ದೀಪವೋ, ಸುರಂಗವೋ? ಯಾಕೆ?
3. ಐದು ಮೀಟರ್ ಇಳಿಯಲು ಇಳಿಜಾರು ದಾರಿ ಎಷ್ಟು ಉದ್ದ ಬೇಕು? ಲೆಕ್ಕ ಮಾಡಿ.
4. ಈ ಪದಗಳನ್ನು ಓದಿ, ಬರೆಯಿರಿ: ಪಾದಚಾರಿ, ಸುರಂಗ, ಇಳಿಜಾರು, ನಕ್ಷೆ, ಅರ್ಜಿ, ರಸೀದಿ, ಹಕ್ಕು.